ಸಿಲಿಂಡರ್ ಎಣಿಸೋದು ಬಿಡಿ, ಎಂಜಿನ್ ನೋಡಿ

ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದಾಗ ಓದಿ.

ಗೆಳೆಯನ ಮನೆಯಲ್ಲಿ ಐದು ಜನ ಸೇರಿದ್ದೆವು. ಐವರೂ ಚಿಕ್ಕಂದಿನಿಂದ ಕಾರಿನ ಹುಚ್ಚು ಹಿಡಿದವರು. ಫೆರಾರಿಯ ದುಬಾರಿ ಸೂಪರ್ ಕಾರು ಎಫ್80 ಬಗ್ಗೆ ಒಂದು ಒಳ್ಳೆಯ ವಿಡಿಯೊ ಸಿಕ್ಕಿದೆ, ದೊಡ್ಡ ಟಿವಿಯಲ್ಲಿ ಒಟ್ಟಿಗೆ ನೋಡೋಣ ಅಂತ ನಾನೇ ಎಲ್ಲರನ್ನೂ ಸೇರಿಸಿದ್ದೆ. ಕಾರು ಬಂತು. ಬಾಗಿಲು ಮೇಲಕ್ಕೆ ತೆರೆದುಕೊಂಡಿತು. ಕ್ಯಾಮೆರಾ ಮೆಲ್ಲಗೆ ಹಿಂದಕ್ಕೆ ಸರಿಯಿತು. ಇನ್ನೇನು ಎಂಜಿನ್ ತೋರಿಸಬೇಕು, ಅಷ್ಟರಲ್ಲಿ ಒಬ್ಬ ಶುರು ಮಾಡಿದ. "ಅಲ್ಲ ಕಣೋ, 36 ಲಕ್ಷ ಯೂರೊ ಕೊಟ್ಟು ಬರೀ ಆರು ಸಿಲಿಂಡರಾ?" ಇನ್ನೊಬ್ಬ, "ಇವರ ಇದಕ್ಕಿಂತ ಅಗ್ಗದ 296 ಕಾರಿನಲ್ಲೂ ವಿ6 ಇದೆ, ಇದರಲ್ಲೂ ವಿ6. ಮತ್ತೆ ಏನು ದೊಡ್ಡಸ್ತಿಕೆ?" ಅಂದ. (ವಿ6 ಅಂದರೆ V ಆಕಾರದಲ್ಲಿ ಎರಡು ಸಾಲಾಗಿ ಕೂತ ಆರು ಸಿಲಿಂಡರ್; ವಿ8, ವಿ12 ಕೂಡ ಹಾಗೇ.) ಮೂರನೆಯವನು ರಿಮೋಟ್ ತೆಗೆದುಕೊಂಡು ಬುಗಾಟಿ ಟೂರ್ಬಿಯೊನ್ ವಿಡಿಯೊ ಹಾಕಿಬಿಟ್ಟ. ಅದರಲ್ಲಿ ಹದಿನಾರು ಸಿಲಿಂಡರ್ ಇವೆ ಅಲ್ವಾ, ಅದಕ್ಕೆ.

ನಾನು ಸುಮ್ನೆ ಕೂತೆ. ಅಲ್ಲಿ ಮಾತಾಡಿದ್ದರೆ ಜಗಳ ಆಗುತ್ತಿತ್ತು.

ನಿಮಗೆಲ್ಲ ಗೊತ್ತಿರುವ ಹಾಗೆ ಟರ್ಬೊ, ಅಂದರೆ ಎಂಜಿನ್ನಿಗೆ ಜಾಸ್ತಿ ಗಾಳಿ ತುರುಕುವ ಯಂತ್ರ, ಅದನ್ನು ಬಿಚ್ಚಿ ಜೋಡಿಸುವುದೇ ನನ್ನ ಹೊಟ್ಟೆಪಾಡು. ಇಪ್ಪತ್ತೈದು ವರ್ಷದಿಂದ ಅದೇ ಕೆಲಸ. ದಿನಾ ಬೆಳಗ್ಗೆ ಮೊದಲು ಕೈಗೆ ಬರುವುದು ಯಾವುದೋ ಲಾರಿಯದ್ದೋ ಕಾರಿನದ್ದೋ ಟರ್ಬೊ. ಒಂದು ಕಡೆ ಹೊಗೆ ತಿರುಗಿಸುವ ಟರ್ಬೈನ್ ವೀಲ್, ಇನ್ನೊಂದು ಕಡೆ ಗಾಳಿ ಒತ್ತುವ ಕಂಪ್ರೆಸರ್ ವೀಲ್, ನಡುವೆ ಪೆನ್ಸಿಲ್ ದಪ್ಪದ ಒಂದು ಶಾಫ್ಟ್. ಎರಡು ಬೆರಳಲ್ಲಿ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿ ಪ್ಲೇ, ಅಂದರೆ ಸಡಿಲ ಎಷ್ಟಿದೆ ಅಂತ ನೋಡುತ್ತೇನೆ. ಅದು ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವ ವಸ್ತು. ತಿರುಗುವಾಗ ಲೋಹಕ್ಕೆ ಲೋಹ ತಾಗುವುದಿಲ್ಲ, ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಕಂಪ್ರೆಸರ್ ತುದಿಯ ನಟ್ ಮೇಲೆ ಉಗುರಿನಷ್ಟು ಉಜ್ಜಿದ ಗುರುತು ಇರುತ್ತದೆ ನೋಡಿ, ಅದು ಬ್ಯಾಲೆನ್ಸಿಂಗ್ ಮಾಡುವಾಗ ತೆಗೆದ ಕೂದಲೆಳೆಯಷ್ಟು ಲೋಹ. ಅಷ್ಟು ಹೆಚ್ಚು ಕಡಿಮೆ ಆದರೂ ಕೂಗಲು ಶುರು ಮಾಡುತ್ತದೆ, ಆಮೇಲೆ ಬೇರಿಂಗ್ ತಿನ್ನುತ್ತದೆ.

ಫೆರಾರಿಯವರು ಅಂಥ ಶಾಫ್ಟ್ ಮೇಲೆ, ಟರ್ಬೈನ್‌ಗೂ ಕಂಪ್ರೆಸರ್‌ಗೂ ನಡುವೆ, ಒಂದು ಎಲೆಕ್ಟ್ರಿಕ್ ಮೋಟರ್ ಕೂರಿಸಿದ್ದಾರೆ. ರಸ್ತೆಗೆ ಇಳಿಯುವ ಕಾರಿನಲ್ಲಿ. ನನಗೆ ಅದನ್ನು ನೋಡಬೇಕಿತ್ತು. ನಮ್ಮವರು ಸಿಲಿಂಡರ್ ಎಣಿಸಿ ಚಾನೆಲ್ ತಿರುಗಿಸಿದರು.

ಆ ಮೋಟರ್ ಯಾಕೆ ಅಷ್ಟು ಮುಖ್ಯ ಅಂತ ಹೇಳುತ್ತೇನೆ. ಟರ್ಬೊ ತಿರುಗುವುದು ಹೊಗೆಯ ರಭಸಕ್ಕೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಹೊಗೆ ಜೋರಾಗುವುದಿಲ್ಲ, ಒಂದು ಗಳಿಗೆ ಹಿಡಿಯುತ್ತದೆ. ಘಾಟಿ ಏರುವ ಲಾರಿ ಡ್ರೈವರ್‌ಗಳನ್ನು ಕೇಳಿ, ಕಾಲು ಒತ್ತಿ ಎಳೆತಕ್ಕೆ ಕಾಯುವುದು ಅವರಿಗೆ ಅಭ್ಯಾಸವೇ ಆಗಿರುತ್ತದೆ. ಚಿಕ್ಕ ಟರ್ಬೊ ಹಾಕಿದರೆ ಬೇಗ ಎಳೆಯುತ್ತದೆ, ಎಂಜಿನ್ ಜೋರಾಗಿ ಸುತ್ತುವ ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ. ದೊಡ್ಡದು ಹಾಕಿದರೆ ಮೇಲೆ ಬಲ ಇರುತ್ತದೆ, ಕೆಳಗೆ ನಿದ್ದೆ ಮಾಡುತ್ತದೆ. ನಮ್ಮ ಕಸುಬಿನವರೆಲ್ಲ ಈ ಎರಡರ ನಡುವೆ ರಾಜಿ ಮಾಡಿಕೊಂಡೇ ಬಂದವರು. ಎಫ್80ಯಲ್ಲಿ ಹೊಗೆ ಬರುವ ಮೊದಲೇ ಮೋಟರ್ ಶಾಫ್ಟನ್ನು ತಿರುಗಿಸಿಕೊಡುತ್ತದೆ. ಹಾಗಾಗಿ ದೊಡ್ಡ ಟರ್ಬೊ ಧೈರ್ಯವಾಗಿ ಹಾಕಬಹುದು. ಬರೀ 3 ಲೀಟರ್ ಎಂಜಿನ್ 900 ಕುದುರೆ ಬಲ ಕೊಡುತ್ತದೆ. ಲೀಟರಿಗೆ 300! 9,000 ಆರ್‌ಪಿಎಂವರೆಗೆ ಓಡುತ್ತದೆ. ಮುಂದಿನ ಚಕ್ರಗಳಿಗೆ ಎರಡು ಮೋಟರ್, ಹಿಂದೆ ಒಂದು, ಎಲ್ಲ ಸೇರಿ 1,200. ನೂರು ಕಿಲೋಮೀಟರ್ ವೇಗಕ್ಕೆ 2.15 ಸೆಕೆಂಡ್.

ಇಷ್ಟೆಲ್ಲ ಇರುವ ಎಂಜಿನ್ನಿಗೆ "ಬರೀ ಆರು" ಅನ್ನುತ್ತಾರಲ್ಲ, ಅದೇ ನನಗೆ ತಡೆಯಲಾಗದ್ದು.

ಇನ್ನೊಂದು ಮಾತು. 2023ರಲ್ಲಿ ಇದೇ ಐದು ಜನ, ಅದೇ ಟಿವಿ ಮುಂದೆ, ನಿದ್ದೆಗೆಟ್ಟು ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸಿನ ಕೊನೆಯ ತಾಸು ನೋಡಿದ್ದೆವು. ಐವತ್ತು ವರ್ಷದ ಮೇಲೆ ಫೆರಾರಿ ಅಲ್ಲಿನ ಮೇಲಿನ ದರ್ಜೆಗೆ ಮರಳಿ ಬಂದಿತ್ತು, ಮರಳಿದ ವರ್ಷವೇ ಗೆದ್ದಿತು. ಎಲ್ಲರೂ ಎದ್ದು ನಿಂತು ಕುಣಿದಿದ್ದೆವು. ಒಬ್ಬನ ಕಣ್ಣಲ್ಲಿ ನೀರು ಬಂದಿದ್ದನ್ನು ನಾನೇ ನೋಡಿದ್ದೇನೆ. ಗೆದ್ದ ಆ 499ಪಿ ರೇಸ್ ಕಾರಿನಲ್ಲಿ ಇದ್ದದ್ದು ಏನು? ವಿ6. ಎರಡು ಟರ್ಬೊ. ಅದೇ ಕಾರು 2024ರಲ್ಲೂ ಗೆದ್ದಿತು, 2025ರಲ್ಲೂ ಗೆದ್ದಿತು. ಎಫ್80 ಎಂಜಿನ್ ನೇರವಾಗಿ ಅದರಿಂದಲೇ ಬಂದದ್ದು. ಕ್ರ್ಯಾಂಕ್‌ಕೇಸ್, ಬೇರಿಂಗ್, ಇಂಜೆಕ್ಟರ್‌ವರೆಗೆ ನಂಟು ಇದೆ. ರೇಸಿನಲ್ಲಿ ಗೆದ್ದಾಗ ಕಣ್ಣೀರು ತರಿಸಿದ ಎಂಜಿನ್, ನಂಬರ್ ಪ್ಲೇಟ್ ಹಾಕಿಕೊಂಡ ಕೂಡಲೇ ಕಡಿಮೆ ದರ್ಜೆಯದ್ದು ಹೇಗೆ ಆಗುತ್ತದೆ?

"ಫೆರಾರಿಯ ದೊಡ್ಡ ಕಾರು ಅಂದರೆ ವಿ12" ಅನ್ನುವ ಮಾತು ಬೇರೆ. ಎಫ್80ಗೂ ಮೊದಲು ಈ ಸಾಲಿನಲ್ಲಿ ಬಂದ ಫೆರಾರಿಯ ದೊಡ್ಡ ಕಾರುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಿ. 1984ರ 288 ಜಿಟಿಒ, ಅದು ವಿ8. 1987ರ ಎಫ್40, ಅದೂ ವಿ8. ಎಫ್50, ಎನ್‌ಜೊ, ಲಾಫೆರಾರಿ, ಈ ಮೂರಕ್ಕೆ ಮಾತ್ರ ವಿ12. ಎಫ್80 ಸೇರಿ ಆರು ಕಾರಿನಲ್ಲಿ ಮೂರೇ! ನಿನ್ನೆ ಮೊದಲು ಬಾಯಿ ತೆರೆದವನ ಮನೆಯ ಗೋಡೆಯ ಮೇಲೆ ಇವತ್ತಿಗೂ ಎಫ್40 ಚಿತ್ರ ಇದೆ. 2.9 ಲೀಟರ್, ಎರಡು ಟರ್ಬೊ, 478 ಕುದುರೆ ಬಲ. ಒಳಗಿನಿಂದ ಬಾಗಿಲು ತೆಗೆಯಲು ಹಿಡಿಕೆ ಇಲ್ಲ, ಒಂದು ದಾರ ಎಳೆಯಬೇಕು. ಕಂಪನಿ ಕಟ್ಟಿದ ಎನ್‌ಜೊ ಫೆರಾರಿ ಬದುಕಿದ್ದಾಗ ಒಪ್ಪಿಗೆ ಕೊಟ್ಟ ಕೊನೆಯ ಕಾರು ಅದು. ಅದನ್ನು ಪ್ರೀತಿಸುವಾಗ ಯಾರೂ ಸಿಲಿಂಡರ್ ಎಣಿಸಲಿಲ್ಲವಲ್ಲ.

ವಿ6 ಆ ಮನೆಗೆ ಹೊಸದೂ ಅಲ್ಲ. ಎನ್‌ಜೊ ಅವರ ಮಗ ಡೀನೊ ಹಾಸಿಗೆ ಹಿಡಿದಿದ್ದಾಗಲೂ ಯೋಚಿಸುತ್ತಿದ್ದದ್ದು ವಿ6 ಎಂಜಿನ್ ಬಗ್ಗೆ. 1956ರಲ್ಲಿ, 24ನೇ ವಯಸ್ಸಿಗೆ, ಆ ಹುಡುಗ ತೀರಿಕೊಂಡ. ಎರಡೇ ವರ್ಷಕ್ಕೆ ಡೀನೊ ಹೆಸರಿನ ವಿ6 ಕಾರಿನಲ್ಲಿ ಮೈಕ್ ಹಾಥಾರ್ನ್ ಫಾರ್ಮುಲಾ 1 ವಿಶ್ವ ಚಾಂಪಿಯನ್ ಆದರು. 1961ರಲ್ಲಿ ಫಿಲ್ ಹಿಲ್ ಗೆದ್ದದ್ದೂ ವಿ6ನಲ್ಲೇ. ಟರ್ಬೊ ಕಾರು ಮೊನಾಕೊದಲ್ಲಿ ಮೊದಲ ಸಲ ಗೆದ್ದದ್ದು 1981ರಲ್ಲಿ, ಓಡಿಸಿದವರು ಜಿಲ್ ವಿಲ್ನೆವ್, ಎಂಜಿನ್ ಫೆರಾರಿಯ 120 ಡಿಗ್ರಿ ವಿ6, ಅಂದರೆ ಸಿಲಿಂಡರಿನ ಎರಡು ಸಾಲಿನ ನಡುವೆ ಅಷ್ಟು ಕೋನ. ಟರ್ಬೊ ತಡವಾಗಿ ಏಳುತ್ತಿದ್ದ ಆ ಕಾಲದಲ್ಲಿ, ಅಷ್ಟು ಕಿರಿದಾದ ತಿರುವುಗಳಲ್ಲಿ ಹೇಗೆ ಓಡಿಸಿದರೋ ಅಂತ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಎಫ್80 ಎಂಜಿನ್ನಿನದೂ ಅದೇ 120 ಡಿಗ್ರಿ. ಡೀನೊ ಕಥೆ ಗೊತ್ತಿದ್ದವರು "ಬರೀ ವಿ6" ಅಂದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಶಬ್ದದ ವಿಷಯ ಎತ್ತುತ್ತೀರಿ, ಗೊತ್ತು. ಒಪ್ಪುತ್ತೇನೆ. ವಿ12 ಕೂಗುವುದು ಬೇರೆಯೇ. ಎಂಜಿನ್ನಿನ ಎರಡು ಸುತ್ತು ಅಂದರೆ 720 ಡಿಗ್ರಿ, ಅದರಲ್ಲಿ ಹನ್ನೆರಡು ಸಲ, ಪ್ರತಿ 60 ಡಿಗ್ರಿಗೆ ಒಂದು ಸಿಡಿತ, ಹಾಗಾಗಿ ಎಲ್ಲೂ ತುಂಡಾಗದ ಒಂದು ಎಳೆ ಅದು. ಕಾರು ವಿನ್ಯಾಸಕಾರ ಗೋರ್ಡನ್ ಮರ್ರೆ ಅವರ ವಿ12 ಕಾರು ಟಿ.50 12,100 ಆರ್‌ಪಿಎಂಗೆ ಏರುವುದನ್ನು ಹೆಡ್‌ಫೋನ್ ಹಾಕಿಕೊಂಡು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದರ ಗುರಿ ಬೇರೆ. ಸಾವಿರ ಕಿಲೋ ಒಳಗಿನ ಕಾರು, ಗೇರ್ ಕೈಯಲ್ಲೇ ಹಾಕಬೇಕು, ಟರ್ಬೊ ಇಲ್ಲ. ಅಲ್ಲಿ ವಿ12 ಬೇಕಿತ್ತು, ಹಾಕಿದರು. ಇಲ್ಲಿ ಬೇಕಿದ್ದದ್ದು ಕುಳ್ಳಗೆ, ಗಿಡ್ಡಕ್ಕೆ ಕೂರುವ ಎಂಜಿನ್. ಯಾಕೆಂದರೆ ಕಾರಿನ ಅಡಿಭಾಗವೆಲ್ಲ ಗಾಳಿಗೆ ಬಿಟ್ಟುಕೊಟ್ಟಿದ್ದಾರೆ. ಅಡಿಯ ಗಾಳಿಯನ್ನು ಹಿಂದಕ್ಕೆ ಬಿಡುವ ಡಿಫ್ಯೂಸರ್ ಒಂದೇ 1.8 ಮೀಟರ್ ಉದ್ದ. ಗಾಳಿಗೆ ದಾರಿ ಮಾಡಲು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಸೇರಿಸಿ 1.3 ಡಿಗ್ರಿ ಓರೆ ಮಾಡಿದ್ದಾರೆ! ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಗಾಳಿಯೇ ಕಾರನ್ನು 1,050 ಕಿಲೋ ಭಾರದಷ್ಟು ನೆಲಕ್ಕೆ ಒತ್ತುತ್ತದೆ. ಉದ್ದನೆಯ ವಿ12 ತಂದು ಅಲ್ಲಿ ಕೂರಿಸಿದರೆ ಡಿಫ್ಯೂಸರ್ ಎಲ್ಲಿಗೆ ಹೋಗಬೇಕು?

ಶಬ್ದವೇ ಬೇಕು ಅನ್ನುವವರಿಗೆ ಅದೇ 2024ರಲ್ಲಿ ಫೆರಾರಿ 12ಚಿಲಿಂದ್ರಿ ಕೊಟ್ಟಿದೆ. 6.5 ಲೀಟರ್, ಟರ್ಬೊ ಇಲ್ಲ, ಹೈಬ್ರಿಡ್ ಇಲ್ಲ, 9,500 ಆರ್‌ಪಿಎಂ. ಹೆಸರಲ್ಲೇ ಹನ್ನೆರಡು ಸಿಲಿಂಡರ್ ಅಂತ ಇದೆ. ಒಂದೇ ಮನೆಯವರು ಎರಡನ್ನೂ ಮಾಡಿಟ್ಟಿದ್ದಾರೆ, ಒಂದನ್ನು ತೋರಿಸಿ ಇನ್ನೊಂದನ್ನು ಬೈಯುವುದು ಯಾಕೆ?

ಎಫ್80ಯಲ್ಲಿ ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಭಾರದ ಬಗ್ಗೆ ಮಾತಾಡಿದ್ದರೆ ಕೂತು ಕೇಳುತ್ತಿದ್ದೆ. ಎಣ್ಣೆ ನೀರು ಹಾಕದೆಯೇ 1,525 ಕಿಲೋ, ಎಫ್40ಗಿಂತ ಸುಮಾರು 400 ಕಿಲೋ ಜಾಸ್ತಿ. ಮೂತಿಯ ಬಗ್ಗೆ ಮಾತಾಡಿದ್ದರೂ ಸರಿ. ದೀಪಗಳ ಜಾಗದಲ್ಲಿ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಕಟ್ಟಿದ್ದಾರೆ, ಕಣ್ಣಿಲ್ಲದ ಮುಖದ ಹಾಗೆ ಕಾಣುತ್ತದೆ, ನನಗೆ ಅದು ಇನ್ನೂ ಒಗ್ಗಿಲ್ಲ. ಡ್ರೈವರ್ ಸೀಟು ಕೆಂಪು, ಪಕ್ಕದ ಸೀಟು ಕಪ್ಪು, ಅದನ್ನು ಸ್ವಲ್ಪ ಹಿಂದಕ್ಕೆ ಸರಿಸಿದ್ದಾರೆ. ಕ್ಯಾಬಿನ್ ಕಿರಿದಾಗಲಿ ಅಂತ. ಅದು ಸರಿಯಾ ತಪ್ಪಾ ಅಂತ ಬೆಳಗಿನವರೆಗೆ ವಾದ ಮಾಡಬಹುದಿತ್ತು. ಇವೆಲ್ಲ ಕಾರನ್ನು ನೋಡಿದವರು ಆಡುವ ಮಾತು.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಜಾಗ್ವಾರ್ ಎಕ್ಸ್‌ಜೆ220 ನೆನಪಿದೆಯಾ? 1988ರಲ್ಲಿ ಮೊದಲು ತೋರಿಸಿದಾಗ ಅದರಲ್ಲಿ ವಿ12 ಇತ್ತು. ಪತ್ರಿಕೆಯಿಂದ ಆ ಚಿತ್ರ ಕತ್ತರಿಸಿ ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೆ. 1992ರಲ್ಲಿ ನಿಜವಾದ ಕಾರು ಬಂದಾಗ ಒಳಗಿದ್ದದ್ದು 3.5 ಲೀಟರ್ ವಿ6, ಎರಡು ಟರ್ಬೊ. ಮುಂಗಡ ಕೊಟ್ಟವರಲ್ಲೇ ಹಲವರು ನಮಗೆ ಬೇಡ ಅಂದರು. ನನಗೆ ಆಗ ಹದಿನಾಲ್ಕು ವರ್ಷ. ಯಾರೋ ಮೋಸ ಮಾಡಿದ ಹಾಗೆ ಅನಿಸಿ, ಚಿತ್ರ ಕಿತ್ತು ಹರಿದು ಹಾಕಿದೆ. ಗೋಡೆಯ ಸುಣ್ಣವೂ ಕಿತ್ತು ಬಂತು. ಅದೇ ವರ್ಷ ಆ ಕಾರು ಇಟಲಿಯ ನಾರ್ಡೊ ಟ್ರ್ಯಾಕಿನಲ್ಲಿ ಗಂಟೆಗೆ 217 ಮೈಲಿ ಮುಟ್ಟಿತು, ಅಂದರೆ ಸುಮಾರು 349 ಕಿಲೋಮೀಟರ್. ಆ ವಿ6 ಸಹ ಜಾಗ್ವಾರ್ ರೇಸ್ ಕಾರಿನಿಂದ ಬಂದದ್ದು ಅಂತ ನನಗೆ ತಿಳಿಯುವ ಹೊತ್ತಿಗೆ ಕಸುಬಿಗೆ ಇಳಿದು ಕೆಲವು ವರ್ಷ ಆಗಿತ್ತು. ಆ ದಿನ ನನಗೆ ಆ ಚಿತ್ರ ವಾಪಸ್ ಬೇಕು ಅನಿಸಿತ್ತು. ನಿನ್ನೆ ರಿಮೋಟ್ ಒತ್ತಿದ ಕೈ ನೋಡಿದಾಗ ನೆನಪಾದದ್ದು ಆ ಗೋಡೆಯೇ. ಅದಕ್ಕೇ ಇಷ್ಟು ಸಿಟ್ಟು ಬಂತೋ ಏನೋ.

ಹೊರಡುವಾಗ ಒಬ್ಬ, "ನಾವೇನು ಅದನ್ನು ಕೊಳ್ಳುತ್ತೇವಾ? ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ?" ಅಂತ ಬೆನ್ನು ತಟ್ಟಿದ. ಕೊಳ್ಳುವುದಿಲ್ಲ. ಇರುವುದೇ 799, ನಮ್ಮಂಥವರಿಗೆ ಮುಟ್ಟಲೂ ಸಿಗಲಿಕ್ಕಿಲ್ಲ. ಕೊಳ್ಳುವವನಿಗೆ ನಾಳೆ ಮಾರಿದರೆ ಎಷ್ಟು ಬರುತ್ತದೆ ಅನ್ನುವ ಚಿಂತೆ ಇರುತ್ತದೆ, ಪಕ್ಕದವನ ಹತ್ತಿರ ಯಾವುದಿದೆ ಅನ್ನುವ ಚಿಂತೆ ಇರುತ್ತದೆ. ನಮಗೆ ಅದು ಯಾವುದೂ ಇಲ್ಲ. ನಮಗೆ ಸಿಕ್ಕಿರುವುದು ನೋಡುವ ಸುಖ ಒಂದೇ. ಅದನ್ನೂ ಎರಡು ನಿಮಿಷಕ್ಕೆ ಮುಗಿಸಿಬಿಟ್ಟರೆ ನಮಗೆ ಉಳಿಯುವುದೇನು ಹೇಳಿ.

ಮುಂದಿನ ಭಾನುವಾರ ಮತ್ತೆ ಅದೇ ಮನೆಗೆ ಹೋಗುತ್ತಿದ್ದೇನೆ. ಅಂಗಡಿಯಲ್ಲಿ ಸ್ವಚ್ಛ ಮಾಡಿಟ್ಟ ಒಂದು ಟರ್ಬೊ ಇದೆ, ಬಟ್ಟೆಯಲ್ಲಿ ಸುತ್ತಿ ತರುತ್ತೇನೆ. ಒಬ್ಬೊಬ್ಬರ ಕೈಗೂ ಕೊಡುತ್ತೇನೆ. ಬೆರಳಿನಿಂದ ಶಾಫ್ಟ್ ತಿರುಗಿಸಿ ನೋಡಲಿ, ಮೋಟರ್ ಎಲ್ಲಿ ಕೂರಬೇಕು ಅಂತ ಅವರೇ ಜಾಗ ಹುಡುಕಲಿ. ಆಮೇಲೆ ಆ ವಿಡಿಯೊ ಎಲ್ಲಿ ನಿಂತಿತ್ತೋ ಅಲ್ಲಿಂದ ಹಾಕುತ್ತೇನೆ.