ಗಾಬರಿ ಬೇಡ, ನೀರು ಕುಡಿಯಿರಿ

ಮೊನ್ನೆ ಬಂಗಾರಪೇಟೆಯ ಅಕ್ಕನ ಮನೆಯಲ್ಲಿ ಗ್ಯಾಸ್ ವಾಸನೆ ಬಂತು. ಭಾವ ಬಂದವರೇ ಬೆಂಕಿಕಡ್ಡಿ ಗೀರಿ ರೆಗ್ಯುಲೇಟರ್ ಹತ್ತಿರ ಒಯ್ದರು. "ಲೀಕ್ ಇದ್ರೆ ಗೊತ್ತಾಗುತ್ತೆ ಬಿಡು." ಅಕ್ಕ ಹಾರಿ ಬಂದು ಕಡ್ಡಿ ಊದಿದಳು. "ಏನ್ರೀ, ನಿಮಗೆ ತಲೆ ನೆಟ್ಟಗಿದೆಯಾ?" ಆಮೇಲೆ ಸೋಪಿನ ನೀರು ಹಚ್ಚಿದಳು. ಗುಳ್ಳೆ ಬಂತು. ವಾಷರ್ ಹೋಗಿತ್ತು.

ನಾನು ಮಾತ್ರ ಭಾವನನ್ನು ಬೈಯಲಿಲ್ಲ. ಅವರ ಪದ್ಧತಿಗೆ ಅಣುಸ್ಥಾವರದ ಮಾನ್ಯತೆಯೇ ಇದೆ. 1975ರ ಮಾರ್ಚ್ 22ರಂದು ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ, ಕೇಬಲ್ ಹಾಯುವ ಗೋಡೆಯ ತೂತಿನಲ್ಲಿ ಗಾಳಿ ಸೋರುತ್ತದಾ ಅಂತ ನೋಡಲು ಕೆಲಸದವರು ಮೇಣದಬತ್ತಿ ಹಿಡಿದರು. ಗಾಳಿ ಸೋರುತ್ತಿತ್ತು, ಪರೀಕ್ಷೆ ಪಾಸು! ತೂತಿಗೆ ತುರುಕಿದ್ದ ಫೋಮ್ ಹತ್ತಿಕೊಂಡು 1,600ಕ್ಕೂ ಹೆಚ್ಚು ಕೇಬಲ್ ಹಾಳಾದವು. ಊರಿನ ಫೈರ್ ಬ್ರಿಗೇಡಿನವರು ನೀರು ಹಾಕೋಣ ಅಂದರು. ಕರೆಂಟಿನ ಬೆಂಕಿಗೆ ನೀರಾ ಅಂತ ಸ್ಥಾವರದವರು ಗಂಟೆಗಟ್ಟಲೆ ಒಪ್ಪಲಿಲ್ಲ. ಕೊನೆಗೆ ಒಪ್ಪಿದರು. ಅರ್ಧ ಗಂಟೆಯೊಳಗೆ ಬೆಂಕಿ ಆರಿತು.

ನೀರು ಅಂದಾಗ ನಮ್ಮ ಕೈಗಾ ನೆನಪಾಗುತ್ತದೆ. 2009ರ ನವೆಂಬರ್‌ನಲ್ಲಿ ಅಲ್ಲಿ ಯಾರೋ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಹೈಡ್ರೋಜನ್ ಇದ್ದ ನೀರು ಬೆರೆಸಿದರು. ಕೂಲರ್‌ಗೆ ಬೀಗ ಇತ್ತು. ಆದರೆ ಹೆಚ್ಚಾದ ನೀರು ಹೊರಹೋಗುವ ಕೊಳವೆಗೆ ಬೀಗ ಇರಲಿಲ್ಲವಲ್ಲ! ಐವತ್ತಕ್ಕೂ ಜಾಸ್ತಿ ಜನ ಕುಡಿದರು. ಟ್ರಿಟಿಯಂ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮೂರ ಪಾನಿಪುರಿಯ ಬಿಳಿ ನೀರೂ ಬಣ್ಣವಿಲ್ಲದ್ದೇ, ಆದರೆ ನಾಲಿಗೆಗೆ ತಾಗಿದರೆ ಯಾವುದು ಅಂತ ಗೊತ್ತಾಗುತ್ತದೆ. ಅಲ್ಲಿ ಗೊತ್ತಾದದ್ದು ಮೂತ್ರ ಪರೀಕ್ಷೆಯಲ್ಲಿ. ಔಷಧ? ಜಾಸ್ತಿ ನೀರು ಕುಡಿದು ಹೊರಗೆ ಕಳಿಸುವುದು! ಇದು ತಮಾಷೆಯಲ್ಲ, ವೈದ್ಯರ ಸರಿಯಾದ ಸಲಹೆಯೇ. ನಗು ತಡೆಯಲು ಆಗದೇ ಇರುವುದು ನಮ್ಮ ತಪ್ಪು.

ಇಂಥ ಘಟನೆಗಳನ್ನು ಅಳೆಯುವ ಅಂತಾರಾಷ್ಟ್ರೀಯ ಮಾಪಕ ಒಂದಿದೆ. 0ರಿಂದ 7. ಚೆರ್ನೋಬಿಲ್, ಫುಕುಶಿಮಾ ಎರಡೂ 7. ನನಗೆ ಇಷ್ಟವಾದದ್ದು 0. ನಡೆದಿದೆ, ಬರೆದೂ ಇಟ್ಟಿದ್ದಾರೆ, ಆದರೆ ಲೆಕ್ಕಕ್ಕಿಲ್ಲ. ಪಂಚಾಯಿತಿಗೆ ಕೊಟ್ಟ ಅರ್ಜಿಯ ಹಾಗೆ.

2012ರಲ್ಲಿ ಕೂಡಂಕುಳಂನ ಅಣುತ್ಯಾಜ್ಯ ನಮ್ಮ ಕೆಜಿಎಫ್ ಗಣಿಗೆ ಬರುತ್ತದೆ ಅಂತ ಸುದ್ದಿಯಾಯಿತು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬದ ಧೂಳು ನುಂಗಿ ಬೆಳೆದ ಜನ ಬೀದಿಗಿಳಿದರು. ಅಂಥದ್ದೇನೂ ಇಲ್ಲ, ಗಾಬರಿ ಬೇಡ ಅಂತ ದಿಲ್ಲಿಯಿಂದ ಉತ್ತರ ಬಂತು. ಚಿನ್ನ ತೆಗೆದುಕೊಂಡು ಹೋಗುವಾಗ ಇಷ್ಟು ಸಮಾಧಾನ ಯಾರೂ ಹೇಳಿರಲಿಲ್ಲ.

ಅಕ್ಕ ಈಗ ಬೆಂಕಿಪೊಟ್ಟಣಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಭಾವ ದೇವರ ಮನೆಯಲ್ಲಿ ಲೈಟರ್ ಹುಡುಕುತ್ತಿದ್ದಾರೆ.