ರೈಲಿಲ್ಲದ ಜಿಲ್ಲೆಯಲ್ಲಿ ರೈಲಿನ ಸದ್ದು

ಜನವರಿ ಎರಡನೇ ವಾರ ಊರಿಗೆ ಹೋಗಿದ್ದೆ. ಕೊಡಗಿನ ಮಾದಾಪುರದ ಹತ್ತಿರ ನಮ್ಮ ತೋಟ. ಅರೇಬಿಕಾ ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು. ಹಗಲು ಕೊಯ್ದ ಹಣ್ಣನ್ನು ಅಂದೇ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಹಾಕದಿದ್ದರೆ ಹುಳಿ ಹಿಡಿಯುತ್ತದೆ. ಹಾಗಾಗಿ ಕತ್ತಲಾದ ಮೇಲೂ ಎಂಜಿನ್ ಓಡುತ್ತಲೇ ಇತ್ತು. ನಾನು ಪಕ್ಕದಲ್ಲಿ ನಿಂತು ನಾಲ್ಕು ನಿಮಿಷ ಆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಚಿಕ್ಕಪ್ಪ ಹಣ್ಣು ಸುರಿಯುತ್ತಲೇ ಕೇಳಿದರು: "ಇದನ್ನೇನು ಹಿಡಿದುಕೊಳ್ಳುತ್ತೀಯಪ್ಪಾ? ಇದು ಯಾವಾಗ ನಿಲ್ಲುತ್ತದೋ ಎಂದು ನಾವು ಕಾಯುತ್ತಿರುತ್ತೇವೆ."

ನಾನು ಅಹಮದಾಬಾದಿನಲ್ಲಿ ನೆಲೆಸಿ ಹದಿನಾಲ್ಕು ವರ್ಷವಾಯಿತು. ಎಲೆಕ್ಟ್ರಾನಿಕ್ ಸಂಗೀತ, ಗದ್ದಲವನ್ನೇ ಸಂಗೀತವಾಗಿಸುವ ನಾಯ್ಸ್ ಸಂಗೀತ ಎನ್ನುವ ಲೋಕ ನನಗೆ ತೆರೆದದ್ದು ಅಲ್ಲಿ. ಆ ಊರಿಗೂ ಈ ಸಂಗೀತಕ್ಕೂ ಹಳೆಯ ನಂಟಿದೆ. ಪಾಲ್ಡಿಯಲ್ಲಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲಿ ಅಮೆರಿಕದ ಪಿಯಾನೊ ವಾದಕ ಡೇವಿಡ್ ಟ್ಯೂಡರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ತಂದು ಸ್ಟುಡಿಯೊ ಕಟ್ಟಿಕೊಟ್ಟರು. 1952ರಲ್ಲಿ ಸಂಗೀತ ರಚನೆಕಾರ ಜಾನ್ ಕೇಜ್ ಅವರ ಮೌನದ ಕೃತಿಯನ್ನು ಮೊದಲ ಬಾರಿಗೆ ವೇದಿಕೆಗೆ ತಂದು, ಪಿಯಾನೊ ಮುಂದೆ ಒಂದು ಸ್ವರವನ್ನೂ ನುಡಿಸದೆ ಕುಳಿತವರು ಇದೇ ಟ್ಯೂಡರ್. ಅಹಮದಾಬಾದಿನ ಆ ಸ್ಟುಡಿಯೊದಲ್ಲಿ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಕೆಲವೇ ವರ್ಷ ಕೆಲಸ ಮಾಡಿದರು. ಆಮೇಲೆ ಟೇಪುಗಳು ಕಪಾಟು ಸೇರಿದವು. ಪಾಲ್ ಪುರ್ಗಾಸ್ ಎಂಬ ಕಲಾವಿದ ಅವನ್ನು ಹುಡುಕಿ ತೆಗೆದ ಮೇಲೆ, 1969ರಿಂದ 1972ರವರೆಗಿನ ಆಯ್ದ ಧ್ವನಿಮುದ್ರಣಗಳು 2023ರಲ್ಲಿ ಹೊರಬಂದವು. ಅರ್ಧ ಶತಮಾನ ಯಾರ ಕಿವಿಗೂ ಬೀಳದೆ ಉಳಿದಿದ್ದ ಸದ್ದುಗಳವು. ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಅಲ್ಲಿ ನಾವು ಆರೇಳು ಗೆಳೆಯರು ಶನಿವಾರ ರಾತ್ರಿ ಒಬ್ಬರ ಮನೆಯಲ್ಲಿ ಸೇರುತ್ತೇವೆ. ದೀಪ ಆರಿಸಿ, ಒಂದೇ ಒಂದು ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತೇವೆ. ಮುಗಿಯುವ ತನಕ ಯಾರೂ ತುಟಿ ಬಿಚ್ಚುವುದಿಲ್ಲ. ಚಹಾ, ಮಾತು ಎಲ್ಲ ಆಮೇಲೆ. ಈ ರೂಢಿ ಕೊಡಗಿನಲ್ಲಿ ಇಲ್ಲ, ಇರಬೇಕಿತ್ತು ಎಂದು ನನಗೆ ಬಹಳ ಅನಿಸುತ್ತದೆ. ನಮ್ಮಲ್ಲಿ ಸದ್ದು ಎಂದರೆ ಯಾವುದಾದರೂ ಕೆಲಸದ ಜೊತೆಗಿನದು. ವಾಲಗ ಕೇಳಿದರೆ ಕಾಲು ತಾನಾಗಿ ಎದ್ದು ಕುಣಿಯುತ್ತದೆ. ಪುತ್ತರಿ ಸುಗ್ಗಿ ಹಬ್ಬದಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುತ್ತಾರೆ, ಸುತ್ತ ಜನ ಮಾತನಾಡುತ್ತಲೇ ಇರುತ್ತಾರೆ. ಕುಣಿಯಲು, ಹರಸಲು, ಆನೆ ಓಡಿಸಲು ನಮಗೆ ಸದ್ದು ಬೇಕು. ಸದ್ದಿಗಾಗಿಯೇ ಸುಮ್ಮನೆ ಕುಳಿತು ಕೇಳುವ ಅಭ್ಯಾಸವನ್ನು ನಾವು ಮಾಡಿಕೊಂಡಿಲ್ಲ.

ಆದರೆ ಅಹಮದಾಬಾದಿನ ದಾರಿಯಲ್ಲೂ ಒಂದು ಕೊರತೆ ಕಂಡಿದ್ದೇನೆ. ಹೊಸಬರು ಬಂದರೆ ನನ್ನ ಗೆಳೆಯರು ಇತಿಹಾಸದಿಂದ ಶುರು ಮಾಡುತ್ತಾರೆ: 1913ರಲ್ಲಿ ಇಟಲಿಯ ಲುಯಿಜಿ ರುಸ್ಸೊಲೊ ಗದ್ದಲದ ಕಲೆಯ ಪ್ರಣಾಳಿಕೆ ಬರೆದ, ಆಮೇಲೆ ಇವರು, ಆಮೇಲೆ ಅವರು. ಅಥವಾ ಅತ್ಯಂತ ಕಠೋರವಾದದ್ದನ್ನೇ ಮೊದಲು ಕಿವಿಗೆ ಸುರಿಯುತ್ತಾರೆ. ನನಗೂ ಹಾಗೇ ಆಗಿತ್ತು. ಜಪಾನಿನ ಮಸಾಮಿ ಅಕಿತಾ ಮೆರ್ಜ್‌ಬೊ ಎಂಬ ಹೆಸರಿನಲ್ಲಿ 1996ರಲ್ಲಿ ತಂದ ಪಲ್ಸ್ ಡೀಮನ್ ಅನ್ನು ಒಬ್ಬ ಗೆಳೆಯ ಮೊದಲ ದಿನವೇ ಪೂರ್ತಿ ಸದ್ದಿನಲ್ಲಿ ಹಾಕಿದ. ಹತ್ತು ನಿಮಿಷಕ್ಕೆ ಎದ್ದು ಹೊರಗೆ ಬಂದೆ, ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಇಂದು ಅದೇ ಕೃತಿ ನನಗೆ ಪ್ರಿಯ. ಅದರೊಳಗೆ ಎಷ್ಟು ಪದರಗಳಿವೆ, ಒಂದು ಪದರ ಸರಿದಾಗ ಹಿಂದಿನದು ಹೇಗೆ ಮೇಲೇಳುತ್ತದೆ ಎಂಬುದನ್ನು ಈಗ ಗುರುತಿಸಬಲ್ಲೆ. ಆದರೆ ಅದು ಹೊಸಬರಿಗೆ ಹೊಸ್ತಿಲಾಗಬಾರದು.

ಕೊಡಗಿನವರಿಗೆ ಹೊಸ್ತಿಲು ಮನೆಯಲ್ಲೇ ಇದೆ. ಎಂಜಿನ್ ಎಳೆಯುವ ಸದ್ದು ಕೇಳಿಯೇ ಬೆಲ್ಟ್ ಸಡಿಲವಾಗಿದೆಯೋ ಇಲ್ಲವೋ ಎಂದು ಚಿಕ್ಕಪ್ಪ ಹೇಳುತ್ತಾರೆ. ಬಿದಿರು ಮುರಿಯುವ ಲಟಕ್ ಸದ್ದಿನಲ್ಲಿ ಆನೆ ಎಷ್ಟು ದೂರದಲ್ಲಿದೆ ಎಂಬ ಅಂದಾಜು ಅವರಿಗೆ ಸಿಗುತ್ತದೆ. ಹಂಚಿನ ಮೇಲೆ ಬೀಳುವ ಮಳೆಯ ದನಿ ಕೇಳಿ, ಇದು ಈಗಲೇ ಬಿಡುವ ಮಳೆಯಲ್ಲ ಎಂದು ಚಿಕ್ಕಮ್ಮ ಸೌದೆ ಒಳಗೆ ತರಿಸುತ್ತಾರೆ. ಇಂಥ ಕಿವಿ ನನ್ನ ನಗರದ ಗೆಳೆಯರಿಗಿಲ್ಲ. ಯಾವ ಧ್ವನಿಮುದ್ರಣ ಯಾವ ವರ್ಷದ್ದು ಎಂದು ಅವರು ಥಟ್ಟನೆ ಹೇಳುತ್ತಾರೆ, ತಮ್ಮ ಕಿಟಕಿಯಾಚೆಯ ಸದ್ದು ಅವರಿಗೆ ಕೇಳಿಸುವುದೇ ಇಲ್ಲ.

ಆದ್ದರಿಂದ ಊರಿನ ಎಳೆಯರು ಕೇಳಿದರೆ ನಾನು ಹೇಳುವುದು ಇಷ್ಟು. ಮಳೆಗಾಲದಲ್ಲಿ, ಸದ್ದು ತಗ್ಗಿಸಿಟ್ಟು, ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೊ 1975ರಲ್ಲಿ ತಂದ ಡಿಸ್ಕ್ರೀಟ್ ಮ್ಯೂಸಿಕ್‌ನಿಂದ ಶುರು ಮಾಡಿ. ಅದು ಹುಟ್ಟಿದ ಕತೆಯಲ್ಲೂ ಮಳೆಯಿದೆ. ಅಪಘಾತವಾಗಿ ಹಾಸಿಗೆ ಹಿಡಿದಿದ್ದ ಈನೊಗೆ ಗೆಳತಿಯೊಬ್ಬರು ಹಾರ್ಪ್ ಎಂಬ ತಂತಿವಾದ್ಯದ ಗ್ರಾಮಫೋನ್ ತಟ್ಟೆ ತಂದುಕೊಟ್ಟರು. ಹಾಕಿದ ಮೇಲೆ ನೋಡಿದರೆ ಸದ್ದು ತೀರ ಕಡಿಮೆಯಿತ್ತು, ಎದ್ದು ಹೆಚ್ಚಿಸಲು ಅವರಿಗೆ ಮೈಯಲ್ಲಿ ಶಕ್ತಿಯಿರಲಿಲ್ಲ. ಮಳೆ ಮತ್ತು ಹಾರ್ಪ್ ಒಂದರೊಳಗೊಂದು ಬೆರೆತು ಕೇಳಿದ ಆ ಗಳಿಗೆಯಿಂದಲೇ ಅವರ ಹೊಸ ದಾರಿ ತೆರೆಯಿತು. ಆಮೇಲೆ ಅಹಮದಾಬಾದಿನ ಟೇಪುಗಳನ್ನು ಕೇಳಿ. ಜೀರುಂಡೆಯ ಕೂಗಿನಲ್ಲಿ ಬೆಳೆದವರಿಗೆ ಸ್ಪೇನಿನ ಫ್ರಾನ್ಸಿಸ್ಕೊ ಲೋಪೆಸ್ ಅವರ ಲಾ ಸೆಲ್ವಾ ಬಹಳ ಹತ್ತಿರವಾಗುತ್ತದೆ. 1998ರಲ್ಲಿ ಬಂದ ಅದು ಕೋಸ್ಟರಿಕಾದ ಮಳೆಕಾಡಿನ ಸದ್ದುಗಳಿಂದಲೇ ಕಟ್ಟಿದ್ದು. ಯಾವ ಹುಳ, ಯಾವ ಹಕ್ಕಿ ಎಂದು ಹುಡುಕಬೇಡಿ ಎನ್ನುವ ಲೋಪೆಸ್, ಸಂಗೀತ ಕಛೇರಿಗಳಲ್ಲಿ ಕೇಳುಗರಿಗೆ ಕಣ್ಣುಪಟ್ಟಿ ಕಟ್ಟಿಸುತ್ತಾರೆ. ಫ್ರಾನ್ಸಿನ ಎಲಿಯಾನ್ ರಾಡಿಗ್ ಅವರ ನಿಧಾನದ ಸಿಂಥಸೈಜರ್ ಕೃತಿಗಳಿಗೆ ಹೆಡ್‌ಫೋನ್ ಬೇಕು. ಮೊಬೈಲಿನ ಪುಟ್ಟ ಸ್ಪೀಕರ್‌ನಲ್ಲಿ ಅವರ ಕೆಳದನಿಗಳು ಹುಟ್ಟುವುದೇ ಇಲ್ಲ, ಕೇಳಿ ಬೇಸರಪಟ್ಟವರೆಲ್ಲ ಅರ್ಧ ಕೃತಿಯನ್ನಷ್ಟೇ ಕೇಳಿದವರು. ಮೆರ್ಜ್‌ಬೊ ಎಲ್ಲಕ್ಕಿಂತ ಕೊನೆಯಲ್ಲಿ ಬರಲಿ, ಅದೂ ಹಿಡಿತದಲ್ಲಿ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪ್ರತಿ 3 ಡೆಸಿಬಲ್ ಏರಿದಾಗಲೂ ಸುರಕ್ಷಿತ ಸಮಯ ಅರ್ಧಕ್ಕೆ ಇಳಿಯುತ್ತದೆ. ಕಿವಿ ಒಮ್ಮೆ ಹಾಳಾದರೆ ಮರಳುವುದಿಲ್ಲ.

ಆ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಚಿಕ್ಕಪ್ಪನಿಗೆ ಫ್ರಾನ್ಸಿನ ಪಿಯೆರ್ ಶೆಫರ್ ಅವರ ರೈಲಿನ ಕೃತಿ ಕೇಳಿಸಿದೆ. ಪ್ಯಾರಿಸ್ಸಿನ ನಿಲ್ದಾಣವೊಂದರಲ್ಲಿ ಎಂಜಿನ್, ಗಾಲಿ, ಸೀಟಿಗಳ ಸದ್ದು ಹಿಡಿದು, ಕತ್ತರಿಸಿ ಜೋಡಿಸಿ, 1948ರಲ್ಲಿ ಫ್ರೆಂಚ್ ರೇಡಿಯೊದಲ್ಲಿ ಬಿತ್ತರಿಸಿದ ಸುಮಾರು ಮೂರು ನಿಮಿಷದ ಕೃತಿ ಅದು. ಸದ್ದು ಎಲ್ಲಿಂದ ಬಂತು ಎಂಬುದನ್ನು ಮರೆತು ಸದ್ದನ್ನಷ್ಟೇ ಕೇಳಬೇಕು ಎಂದು ಶೆಫರ್ ಬಯಸಿದ್ದರು. ರೈಲೇ ಇಲ್ಲದ ಜಿಲ್ಲೆ ನಮ್ಮದು. ಚಿಕ್ಕಪ್ಪ ರೈಲು ಹತ್ತಿಲ್ಲವೆಂದಲ್ಲ, ಆದರೆ ಆ ಸದ್ದಿನೊಂದಿಗೆ ಅವರ ದಿನಗಳು ಅಂಟಿಕೊಂಡಿಲ್ಲ. ಮುಗಿದಾಗ "ಚೆನ್ನಾಗಿ ಹೆಣೆದಿದ್ದಾರೆ" ಎಂದರು. ಹೆಣೆಯುವುದು ಎಂಬ ಮಾತು ಇತಿಹಾಸ ಓದಿದ ನನ್ನ ಯಾವ ಗೆಳೆಯರಿಗೂ ಹೊಳೆದಿರಲಿಲ್ಲ.

ಆಮೇಲೆ ನಾನು ಹಿಡಿದುಕೊಂಡಿದ್ದ ಪಲ್ಪರ್ ಸದ್ದು ಹಾಕಿದೆ. ಡ್ರಮ್ಮಿನ ಮೊನೆಗಳಿಗೆ ಹಣ್ಣು ಉಜ್ಜುವ ಒರಟು ದನಿ, ಒಂದು ಕಡೆ ಸಿಪ್ಪೆ ಪಚಪಚನೆ ಬೀಳುವುದು, ಇನ್ನೊಂದು ಕಡೆ ಬೀಜವನ್ನು ಕೊಂಡೊಯ್ಯುವ ನೀರು, ಎಲ್ಲದರ ಕೆಳಗೆ ಡೀಸೆಲ್ ಎಂಜಿನ್. ಪ್ರತಿ ಸುತ್ತಿಗೂ ಒಂದು ಟಪ್. "ಬೆಲ್ಟಿನ ಜೋಡಣೆ ಬಿಡುತ್ತಿದೆ, ನಾಳೆ ನೋಡಬೇಕು" ಎಂದರು ಚಿಕ್ಕಪ್ಪ. ಎರಡನೇ ಸಲ ಹಾಕಿದೆ. ಮಾತಿಲ್ಲ. ಮೂರನೇ ಸಲಕ್ಕೆ ಅವರ ಬೆರಳು ಕುರ್ಚಿಯ ಕೈ ಮೇಲೆ ಆ ಟಪ್ ಜೊತೆಗೆ ಸಣ್ಣಗೆ ಬಡಿಯುತ್ತಿತ್ತು. ಚಿಕ್ಕಮ್ಮ ಬಾಗಿಲಿಗೆ ಬಂದು ಏನೋ ಹೇಳಹೊರಟಾಗ ಅವರು ಕೈ ಎತ್ತಿ ತಡೆದರು.

ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಚಿಕ್ಕಪ್ಪ ಹೇಳಿದರು: "ಜುಲೈಯಲ್ಲಿ ಬಂದರೆ ಮಳೆಯನ್ನೂ ಹಿಡಿದುಕೋ. ಜಗಲಿಯಲ್ಲಿ ಬೇಡ, ಅಟ್ಟ ಹತ್ತಬೇಕು. ಹಂಚಿನ ಮೇಲಿನದೇ ಬೇರೆ, ಕೊಟ್ಟಿಗೆಯ ತಗಡಿನದೇ ಬೇರೆ. ಅಟ್ಟದ ಮೂಲೆಯಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ."