ಬ್ರೇಜಿಂಗ್ ಆದ ಮಾತ್ರಕ್ಕೆ ಹೊಸದಾಗದು

ಜೆಟ್ ಎಂಜಿನ್ನಿನ ಟರ್ಬೈನ್ ಭಾಗಗಳ ಬಿರುಕಿಗೆ ಬ್ರೇಜಿಂಗ್ ಮಾಡಿದರೆ, ಅಂದರೆ ಮೂಲಲೋಹ ಕರಗದಂತೆ ಬೇರೊಂದು ಬೆಸುಗೆ ಲೋಹವನ್ನು ಕರಗಿಸಿ ತುಂಬಿದರೆ, ಅದು 'ಹೊಸದರಷ್ಟೇ ಗಟ್ಟಿ' ಎಂದು ಲೇಖನವೊಂದರಲ್ಲಿ ಓದಿದೆ. ಪೀಣ್ಯದಲ್ಲಿ ಇದೇ ಕೆಲಸದ ನಿರ್ವಾತ ಕುಲುಮೆಯ ಮುಂದೆಯೇ ದಿನ ಕಳೆಯುವ ನನಗೆ ಈ ಮಾತು ಗಂಟಲೊಳಗೆ ಇಳಿಯಲಿಲ್ಲ. ಬಿಸಿ ಅನಿಲಕ್ಕೆ ದಿಕ್ಕು ತೋರುವ, ತಾವು ತಿರುಗದ ಗೈಡ್ ವೇನ್‌ಗಳ ಮಟ್ಟಿಗೆ ಈ ದುರಸ್ತಿ ಸರಿ. ತಿರುಗುವ ಬ್ಲೇಡಿನಲ್ಲಿ ಹೆಚ್ಚು ಒತ್ತಡ ಬೀಳುವ ಜಾಗಕ್ಕೆ ಇದನ್ನು ನೆಚ್ಚುವಂತಿಲ್ಲ.

ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿದ ಶುಚಿಗೊಳಿಸುವಿಕೆಯೇ ಅರ್ಧ ಕೆಲಸ. ಈ ಭಾಗಗಳ ನಿಕಲ್ ಮಿಶ್ರಲೋಹದಲ್ಲಿರುವ ಅಲ್ಯೂಮಿನಿಯಂ, ಟೈಟಾನಿಯಂಗಳ ಆಕ್ಸೈಡ್ ಪದರ ಬಿರುಕಿನ ಒಳಗೋಡೆಗೆ ಕಚ್ಚಿಕೊಂಡಿರುತ್ತದೆ. ಬರಿಯ ಹೈಡ್ರೋಜನ್ನಿಗೆ ಅದು ಜಗ್ಗುವುದಿಲ್ಲ. ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೈಡ್ರೋಜನ್ ಫ್ಲೋರೈಡ್ ಅನಿಲ ಹಾಯಿಸಬೇಕು. ಪದರ ಉಳಿದರೆ ಕರಗಿದ ಬೆಸುಗೆ ಲೋಹ ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗೆ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ.

ಇನ್ನು ಬೋರಾನ್. ಬೆಸುಗೆ ಲೋಹದ ಕರಗುವ ಬಿಂದುವನ್ನು ತಗ್ಗಿಸಲು ಅದು ಬೇಕು, ನಿಜ. ಆದರೆ ಬಿರುಕು ಅಗಲವಾಗಿದ್ದರೆ ನಡುವೆ ಬೋರಾನ್ ಲೋಹದೊಡನೆ ಸೇರಿ ಆದ ಪೆಡಸಾದ ಬೋರೈಡ್ ಉಳಿದುಬಿಡುತ್ತದೆ. ತುಂಡನ್ನು ಕತ್ತರಿಸಿ, ಪಾಲಿಶ್ ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬೆಸುಗೆಯ ಮಧ್ಯದಲ್ಲೇ ಸಾಲುಗಟ್ಟಿ ಕಾಣುತ್ತದೆ. ಮತ್ತೆ ಮತ್ತೆ ಕಾದು ತಣಿದು ಲೋಹ ದಣಿದಾಗ ಹುಟ್ಟುವ ಹೊಸ ಬಿರುಕಿಗೆ ಅದೇ ಸಲೀಸು ದಾರಿ. ಗಂಟೆಗಟ್ಟಲೆ ಕುಲುಮೆಯಲ್ಲಿಟ್ಟು ಬೋರಾನನ್ನು ಮೂಲಲೋಹದೊಳಗೆ ಹರಡಿಸುವುದು ಅದಕ್ಕಾಗಿಯೇ. ಗಿರಾಕಿಗಳು ಮೊದಲು ಕತ್ತರಿ ಹಾಕಲು ಹೇಳುವುದೂ ಈ ಗಂಟೆಗಳಿಗೇ!